ಹೂವಿಲ್ಲದ ವಾರದಲ್ಲಿ ಚರಗ

ಹುಳಕ್ಕೆ ವಯಸ್ಸಾಗುವುದು ದಿನದಿಂದಲ್ಲ, ಬಿಸಿಯಿಂದ. ಈ ಮಾತು ಮೊದಲ ಸಲ ಕಿವಿಗೆ ಬಿದ್ದಾಗ ನಾನು ಬಾಯಿಗೆ ಸೆರಗು ಹಿಡಿದು ನಕ್ಕಿದ್ದೆ. ಹುಳದ ಪ್ರಯೋಗ ನಡೆಯುವ ಬಿಸಿಮನೆಯಲ್ಲಿ ಕೆಲಸಕ್ಕೆ ಸೇರಿದ ಹೊಸತು. ಅಲ್ಲಿನ ವಿಜ್ಞಾನಿ ಜುಬೇದಾ ಇನಾಮದಾರ ಮೇಡಂ ತೊಗರಿ ತಿನ್ನುವ ಕಾಯಿಕೊರಕ ಹುಳದ ಎರಡು ಕೋಶ ತಂದು ನನ್ನ ಮುಂದಿಟ್ಟರು. ಎರಡೂ ಒಂದೇ ತಾಯಿಯ ತತ್ತಿಯಿಂದ ಬಂದವು, ಒಂದೇ ದಿನ ಮಣ್ಣಿಗಿಳಿದು ಕೋಶವಾದವು. ಒಂದನ್ನು ತಂಪಿನ ಪೆಟ್ಟಿಗೆಯಲ್ಲಿಟ್ಟರು, ಇನ್ನೊಂದನ್ನು ಬೆಚ್ಚಗಿನ ಪೆಟ್ಟಿಗೆಯಲ್ಲಿ. ಬೆಚ್ಚಗಿದ್ದದ್ದು ಪತಂಗವಾಗಿ ಹೊರಬಂದು, ಜೋಡಿ ಹುಡುಕಿ, ತತ್ತಿಯಿಟ್ಟು, ಸತ್ತೂ ಹೋಯಿತು. ಅದರ ಮಕ್ಕಳು ಹೊಟ್ಟೆ ತುಂಬ ತಿಂದು ತಾವೂ ಕೋಶ ಕಟ್ಟಿಕೊಂಡವು. ಅಷ್ಟಾದರೂ ತಂಪಿನದು ಮಗ್ಗಲು ಸಹ ಬದಲಿಸದೆ ಮಲಗಿತ್ತು.

“ಅವಳಿ-ಜವಳಿ ಇವು, ಕಸ್ತೂರಿ,” ಅಂದರು ಮೇಡಂ. “ಒಂದು ಅಜ್ಜಿ ಆಗಿ ಸತ್ತು ಹೋತು. ಇನ್ನೊಂದು ಇನ್ನೂ ತೊಟ್ಟಿಲದಾಗೈತಿ.”

ಆಮೇಲೆ ನಾನು ನಗಲಿಲ್ಲ. ಮಲಗಿದ್ದ ಆ ಕೋಶವನ್ನು ಅಂಗೈ ಮೇಲೆ ಇಟ್ಟುಕೊಂಡೆ. ಹುಣಸೆ ಬೀಜದ ಬಣ್ಣ, ಅದಕ್ಕಿಂತ ತುಸು ಉದ್ದ. ಅದಕ್ಕೆ ಬಾಯಿಲ್ಲ, ಕಾಲಿಲ್ಲ. ಆದರೂ ಒಳಗೆ ಕೂತು ಸುತ್ತಲಿನ ಬಿಸಿಯನ್ನು ಗುಟುಕು ಗುಟುಕಾಗಿ ಕೂಡಿಸಿಕೊಳ್ಳುತ್ತಿತ್ತು. ಬೇಕಾದಷ್ಟು ಕೂಡಿತೋ, ಎದ್ದು ಬರುತ್ತದೆ. ನನ್ನ ಅಂಗೈಯ ಬಿಸಿಯನ್ನೂ ಅದು ಲೆಕ್ಕಕ್ಕೆ ಹಾಕಿಕೊಳ್ಳುತ್ತಿದೆ ಅಂತ ಹೊಳೆದಾಗ ಮೈ ಜುಮ್ಮೆಂದಿತು. ಗಡಬಡಿಸಿ ಅದನ್ನು ಪೆಟ್ಟಿಗೆಗೆ ವಾಪಸ್ಸು ಹಾಕಿದೆ.

ನಾನು ಬೆಂಚಿನಾಳದ ಸೊಸೆ. ವಿಜಯಪುರದ ಕಡೆ, ಡೋಣಿ ಹೊಳೆಯ ಸಾಲಿನ ಊರು ಅದು. ಕರಿ ಎರಿ ಭೂಮಿ, ತೊಗರಿ ಬಿಟ್ಟರೆ ಜೋಳ, ಜೋಳ ಬಿಟ್ಟರೆ ತೊಗರಿ. ನಮ್ಮತ್ತೆ ಸೋನವ್ವ ಈ ಮನೆಗೆ ಸೊಸೆಯಾಗಿ ಬಂದಾಗ ಇಲ್ಲಿ ಚಳಿ ಅಂತ ಒಂದಿತ್ತಂತೆ, ಜನ ಕೌದಿ ಹೊದ್ದು ಮಲಗುತ್ತಿದ್ದರಂತೆ. ಈಗ ಕೌದಿ ಇರುವುದು ಕೆಳಗೆ ಹಾಸುವುದಕ್ಕೆ. ಚಳಿ ಹೋದದ್ದು ನಮಗೆ ಸೆಕೆಯಾಗಿ ಗೊತ್ತಾಯಿತು, ಕೀಡಿಗೆ ಹಬ್ಬವಾಗಿ ಗೊತ್ತಾಯಿತು. ನಮ್ಮ ಕಡೆ ಬೆಳೆ ತಿನ್ನುವ ಹುಳಕ್ಕೆಲ್ಲ ಕೀಡಿ ಅನ್ನುವುದು ರೂಢಿ. ಮೊದಲು ಒಂದು ತೊಗರಿ ಬೆಳೆಗೆ ಕೀಡಿಯ ಒಂದು ಪೀಳಿಗೆ ಬರುತ್ತಿತ್ತು. ಈಗ ಅಜ್ಜಿ, ಮಗಳು, ಮೊಮ್ಮಗಳು ಮೂವರೂ ಒಂದೇ ಪಂಕ್ತಿಯಲ್ಲಿ ಕೂತು ಉಣ್ಣತೊಡಗಿದರು.

ಜನ ಏನು ಮಾಡಬೇಕು? ಎಣ್ಣೆ ಹೊಡೆದರು. ಔಷಧಕ್ಕೆ ನಮ್ಮಲ್ಲಿ ಎಣ್ಣೆ ಅನ್ನುತ್ತೇವೆ, ಕೇಳುವುದಕ್ಕೆ ಎಷ್ಟು ಸಾದಾ ಹೆಸರು ನೋಡಿ. ನಮ್ಮನಿಯವರು ಬೆನ್ನಿಗೆ ಪಂಪು ಕಟ್ಟಿಕೊಂಡು ಊರೆಲ್ಲರ ಹೊಲಕ್ಕೆ ಎಣ್ಣೆ ಹೊಡೆದವರು. ಹೆಸರು ರಾಚಪ್ಪ, ಅತ್ತೆ ಎದುರಿಗಿಲ್ಲ, ಹೇಳಬಹುದು. ಆ ಕೆಲಸ ಅವರ ಪುಪ್ಪುಸ ತಿಂದಿತು. ನಮಗೆ ಮಕ್ಕಳಾಗದ್ದಕ್ಕೂ ಅದೇ ಕಾರಣ ಅಂತ ದವಾಖಾನೆಯಲ್ಲಿ ಮುಖ ನೋಡದೆ ಹೇಳಿದರು. ಮಕ್ಕಳ ಆಸೆ ನಾನು ನುಂಗಿಕೊಂಡೆ. ಉಸಿರಿನ ಆಸೆ ನುಂಗಿಕೊಳ್ಳುವುದಕ್ಕೆ ಬರುತ್ತದೆಯೇ? ಇನ್ನೊಂದು ಸಲ ಆ ಗಾಳಿ ಕುಡಿದರೆ ಉಳಿಯುವುದಿಲ್ಲ, ಎಣ್ಣೆ ಹೊಡೆಯುವ ಊರಿನಲ್ಲಿ ಇವರನ್ನು ಇಟ್ಟುಕೊಳ್ಳಬೇಡಿ ಅಂತ ಡಾಕ್ಟರು ಖಡಾಖಂಡಿತವಾಗಿ ಹೇಳಿದ್ದರು. ಮೊದಮೊದಲು ಹಂಗಾಮಿಗೊಮ್ಮೆ ಸೊಲ್ಲಾಪುರದ ನಾದಿನಿಯ ಮನೆಗೆ ಕಳಿಸುತ್ತಿದ್ದೆ. ಅಲ್ಲಿ ಮಹಡಿ ಮೇಲಿನ ಕೋಣೆಯಲ್ಲಿ ಕೂತು ಕೂತು, ಬರುವಾಗ ಅರ್ಧ ಮನುಷ್ಯರಾಗಿ ಬರುತ್ತಿದ್ದರು.

ಅಂಥ ಹೊತ್ತಿನಲ್ಲಿ ಜುಬೇದಾ ಮೇಡಂ ನಮ್ಮೂರಿಗೆ ನೆಲಬಳ್ಳಿ ತಂದರು. ಅವರ ತಲೆಯಲ್ಲಿ ಹುಟ್ಟಿದ ಪ್ರಶ್ನೆ ಒಂದೇ. ಕೀಡಿಯ ಗಡಿಯಾರವನ್ನು ನಾವೇ ಮುಂದಕ್ಕೆ ತಿರುಗಿಸಿಬಿಟ್ಟರೆ?

ತೊಗರಿ ಗಿಡ ನೋಡುವುದು ಬೆಳಕನ್ನು. ಹಗಲು ಗಿಡ್ಡಾಗಿ ರಾತ್ರಿ ಉದ್ದಾಗುವವರೆಗೆ ಅದು ಹೂ ಬಿಡುವುದಿಲ್ಲ, ನೀವು ಎಷ್ಟೇ ಬೆಚ್ಚಗಿಡಿ. ಕೀಡಿ ನೋಡುವುದು ಬಿಸಿಯನ್ನು, ಎಷ್ಟೇ ಕತ್ತಲಿರಲಿ. ಒಂದು ಸೂರ್ಯನ ಬೆಳಕು ಎಣಿಸುತ್ತದೆ, ಇನ್ನೊಂದು ಅದೇ ಸೂರ್ಯನ ಕಾವು ಎಣಿಸುತ್ತದೆ, ಎರಡೂ ಸರಿಯಾಗಿ ಒಂದೇ ವಾರಕ್ಕೆ ಬಂದು ಸೇರುತ್ತವೆ. ಇದನ್ನು ಕೇಳಿದ ದಿನ ನಾನು ಹೊಲದ ಬದುವಿನ ಮೇಲೆ ಸುಮ್ಮನೆ ನಿಂತುಬಿಟ್ಟಿದ್ದೆ. ಹುಟ್ಟಿದಾಗಿನಿಂದ ನೋಡಿದ ತೊಗರಿ ಅದು, ಅದರೊಳಗೆ ಇಂಥದೊಂದು ನಡೆದಿದೆ ಅಂತ ನನಗೆ ಯಾರೂ ಹೇಳಿರಲಿಲ್ಲ.

ನೆಲಬಳ್ಳಿ ಅಂದರೆ ನೇಗಿಲು ಮುಟ್ಟದ ಆಳದಲ್ಲಿ ಹಾಸಿದ, ಕರೆಂಟಿನಿಂದ ಕಾಯುವ ತಂತಿ. ಅದರಿಂದ ಕೂದಲಿನಂಥ ಕವಲುಗಳು ಮೇಲಕ್ಕೆ ಹಬ್ಬಿ ಮೇಲ್ಮಣ್ಣನ್ನು ಮುಟ್ಟುತ್ತವೆ. ಗುಡ್ಡದ ಮೇಲೆ ಸೂರ್ಯಫಲಕಗಳು, ಅವುಗಳ ಬುಡದಲ್ಲಿ ನಮ್ಮ ಬಿಸಿಮನೆ. ಹೆಸರೇನೋ ಉದ್ದಾಗಿ ಇಂಗ್ಲಿಷಿನಲ್ಲಿದೆ, ಊರವರ ಬಾಯಲ್ಲಿ ಬಿಸಿಮನೆ. ಒಳಗೆ ಕೂತು ನಾನು ಹೊಲಗಳ ಕಾವು ಏರಿಸುತ್ತೇನೆ, ಇಳಿಸುತ್ತೇನೆ. ಹೊರಗಿನವರ ಕಣ್ಣಿಗೆ ನೆಲ ಮೊದಲಿನ ಹಾಗೇ ಇರುತ್ತದೆ. ಮಣ್ಣಿನೊಳಗೆ ಮಲಗಿದ ಕೋಶಗಳಿಗೆ ಮಾತ್ರ ಬೇಸಿಗೆ ಬಂದಂತೆ. ಅವು ಬೇಗ ಬೇಗ ಬಿಸಿ ಕೂಡಿಸಿ, ತೊಗರಿ ಮೊಗ್ಗು ಮೂಡುವ ಮೊದಲೇ ಪತಂಗವಾಗಿ ಎದ್ದುಬಿಡುತ್ತವೆ. ಎದ್ದರೆ ಮೇಲೆ ಹೂವಿಲ್ಲ, ಹೂವಿಲ್ಲವೆಂದರೆ ಮಕರಂದವಿಲ್ಲ. ಉಂಡ ಹೆಣ್ಣು ಸಾವಿರದಷ್ಟು ತತ್ತಿಯಿಡುತ್ತದೆ. ಹಸಿದದ್ದು ಅಲ್ಲೊಂದು ಇಲ್ಲೊಂದು ಇಟ್ಟು ಸೋತು ಬೀಳುತ್ತದೆ. ನೆಲಬಳ್ಳಿ ಬಂದ ಮೇಲೆ ಬೆಂಚಿನಾಳದಲ್ಲಿ ಎಣ್ಣೆ ಹೊಡೆದಿಲ್ಲ. ನಮ್ಮನಿಯವರು ಸೊಲ್ಲಾಪುರಕ್ಕೆ ಹೋಗಿಲ್ಲ. ನನಗೆ ಅಷ್ಟು ಸಾಕಿತ್ತು.

ಆದರೆ ಇದಕ್ಕೆ ಊರೂ ಕೈ ಹಚ್ಚಬೇಕಿತ್ತು. ಪತಂಗ ಏಳುವ ವಾರ ಊರಲ್ಲಿ, ಸುತ್ತಲಿನ ಊರಲ್ಲಿ ಒಂದು ಹೂವೂ ಇರಕೂಡದು. ಹೂವಿಲ್ಲದ ವಾರ ಅಂತಲೇ ಅದಕ್ಕೆ ಹೆಸರಾಯಿತು. ಹಿತ್ತಲ ಮಲ್ಲಿಗೆ ಬಳ್ಳಿಯ ಮೊಗ್ಗು ಚಿವುಟಬೇಕು, ಬದುವಿನ ಕಳೆ ಕೀಳಬೇಕು, ಚೆಂಡು ಹೂವಿನ ಮಡಿ ಕಿತ್ತು ದನಕ್ಕೆ ಹಾಕಬೇಕು. ದೇವರಿಗೆ ಬರೀ ಪತ್ರಿ. ಆ ವಾರ ಮದುವೆ ಇಟ್ಟುಕೊಳ್ಳುವಂತಿಲ್ಲ. ಮೊದಲ ವರ್ಷ ಹೆಂಗಸರು ಮೇಡಂಗೆ ಶಾಪ ಹಾಕಿದ್ದೇ ಹಾಕಿದ್ದು. ನಮ್ಮ ಓಣಿಯ ನಿಂಬೆವ್ವ ಗುಲಾಬಿಯ ಕುಂಡವೊಂದನ್ನು ಬಚ್ಚಲಲ್ಲಿ ಅಡಗಿಸಿಟ್ಟು, ಅದರ ಮುಂದೆಯೇ ವಾರವಿಡೀ ಸ್ನಾನ ಮಾಡಿದಳು. ಈಗ ರೂಢಿಯಾಗಿದೆ. ಸೊಸೆಯಂದಿರು ಆ ವಾರಕ್ಕೆಂದೇ ಜಡೆಗೆ ಬಣ್ಣದ ದಾರ ಕೊಳ್ಳುತ್ತಾರೆ.

ಪ್ರತಿ ವರ್ಷ ಈ ವಾರ ದಸರೆಗಿಂತ ಮೊದಲೇ ಮುಗಿಯುತ್ತಿತ್ತು. ನಾನು ಹೇಳಹೊರಟ ವರ್ಷ ಮಳೆ ಜಡಿ ಹಿಡಿದು ನೆಲ ತಣ್ಣಗಾಯಿತು, ಕೋಶಗಳ ಲೆಕ್ಕ ಹಿಂದೆ ಬಿತ್ತು. ಮೇಡಂ ಎಲ್ಲ ಹೊಸದಾಗಿ ಲೆಕ್ಕ ಹಾಕಿ ದಿನ ಮುಂದೂಡಿದರು. ಬನ್ನಿ ಹಂಚಿ ಬಂದ ಮರುದಿನವೇ ಊರು ಹೂ ಕೀಳತೊಡಗಿತು. ಬಿಸಿಮನೆಯ ಲೆಕ್ಕದ ಯಂತ್ರ ಹೇಳಿದಂತೆ ಪತಂಗ ಏಳುವ ಸಂಜೆ ಸೀಗಿ ಹುಣ್ಣಿಮೆಗೆ ಬಂದಿತ್ತು. ಆ ಸಂಜೆ ಬಯಲು ಬೆಳ್ಳಗಿರುತ್ತದೆ, ಹೊಲದಲ್ಲಿಟ್ಟ ಕ್ಯಾಮೆರಾದಲ್ಲಿ ಚೆಂದ ಕಾಣುತ್ತದೆ ಅಂತ ನಾವಿಬ್ಬರೂ ಖುಷಿಪಟ್ಟೆವು.

ಸೀಗಿ ಹುಣ್ಣಿಮೆಯ ದಿನ ನಮ್ಮ ಕಡೆ ಭೂಮಿ ಬಸುರಿ. ಪೈರು ಹೊಟ್ಟೆಯಲ್ಲಿದೆ, ಅವಳಿಗೆ ಬಯಕೆಯಾಗುತ್ತದೆ, ಉಣಿಸಬೇಕು. ಮನೆಮಂದಿಯೆಲ್ಲ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಬನ್ನಿ ಗಿಡದ ಕೆಳಗೆ ಐದು ಕಲ್ಲು ಇಟ್ಟು ಪೂಜೆ ಮಾಡಿ, ಆಮೇಲೆ ಹೊಲದ ತುಂಬ ಚರಗ ಚೆಲ್ಲುತ್ತಾರೆ. ಒಬ್ಬರು ಮುಂದೆ ಕೂಗುತ್ತ ಹೋಳಿಗೆ, ಕಡಬು, ಪಲ್ಯ, ರೊಟ್ಟಿ ಎಲ್ಲ ಕಲಸಿದ್ದನ್ನು ಎರಚುತ್ತಾ ಹೋಗುತ್ತಾರೆ, ಇನ್ನೊಬ್ಬರು ಹಿಂದಿನಿಂದ ಓಗೊಡುತ್ತಾ ನೀರು ಚಿಮುಕಿಸುತ್ತಾರೆ. ಬೇರೆ ಊರವರದು ಬರೀ ನೀರು. ನಮ್ಮೂರವರ ಡೌಲು ಯಾವಾಗಲೂ ಒಂದು ಕೈ ಮೇಲೆ, ಬೆಲ್ಲದ ನೀರೇ ಆಗಬೇಕು. ಅದೂ ಮಳೆ ಚೆನ್ನಾಗಿ ಆದ ವರ್ಷ ಕೊಡಪಾನಗಟ್ಟಲೆ.

ಆ ಮಧ್ಯಾಹ್ನ ಬೆಂಚಿನಾಳದ ಒಂದು ಹೊಲವೂ ಬಾಕಿ ಉಳಿಯಲಿಲ್ಲ. ಅತ್ತೆ ಮುಂದೆ ಎರಚುತ್ತಾ ಹೋದರು, ನಾನು ತೊಗರಿಯ ಸಾಲು ಸಾಲಿನಲ್ಲೂ ಬೇವಿನ ಟೊಂಗೆಯಿಂದ ಬೆಲ್ಲದ ನೀರು ಚಿಮುಕಿಸುತ್ತಾ ಹೋದೆ. ನಮ್ಮನಿಯವರು ಬನ್ನಿ ಗಿಡದ ನೆರಳಲ್ಲಿ ಕೂತು, ನನ್ನ ಕೂಗು ಆಡಿನ ಮರಿ ಕೂಗಿದ ಹಾಗಿದೆ ಅಂತ ಕಾಡಿಸಿದರು. ಬರಿಗಾಲಿಗೆ ನೆಲ ಬೆಚ್ಚಗೆ ಹತ್ತುತ್ತಿತ್ತು. ಅದು ನಾನೇ ಏರಿಸಿದ ಬಿಸಿ, ನನಗೆ ಹೆಮ್ಮೆ. ಒಂದು ಹೂ ಕಂಡರೆ ಓಡಿ ಹೋಗಿ ಚಿವುಟುವವಳು ನಾನು, ಕೈಯಲ್ಲಿ ಬೆಲ್ಲದ ನೀರಿನ ತಂಬಿಗೆ ಹಿಡಿದಿದ್ದೆ. ತಲೆಗೆ ಹೊಳೆಯಲೇ ಇಲ್ಲ.

ಹೊತ್ತಿಳಿಯುವಾಗ ಬಿಸಿಮನೆಗೆ ಹೋದೆ. ಮೇಡಂ ಹಿಂದಿನ ದಿನವೇ ಶೇಂಗಾ ಹೋಳಿಗೆ ಮರೆಯದೆ ತರಬೇಕು ಅಂತ ತಾಕೀತು ಮಾಡಿದ್ದರು. ಡಬ್ಬಿ ಬಿಚ್ಚಿ ಮೇಜಿನ ಮೇಲಿಟ್ಟೆ. ಅಲ್ಲಿ ಮೊದಲಿನಿಂದಲೂ ಒಂದು ಗಾಜಿನ ಭರಣಿ ಇರುತ್ತಿತ್ತು, ಒಳಗೆ ಬಟ್ಟೆಗಂಟಿದ ಬಿಳೀ ತತ್ತಿಗಳು. ಒಮ್ಮೆ ಪೆಟ್ಟಿಗೆಯ ಬಿಸಿ ತಪ್ಪಿ ಏರಿತ್ತಂತೆ. ಪತಂಗಗಳು ಸಾಯಲಿಲ್ಲ, ಹಾರಿದವು, ಕೂಡಿದವು, ತತ್ತಿಯನ್ನೂ ಇಟ್ಟವು. ಆದರೆ ಒಳಗೆ ಮರಿ ಬೆಳೆಯುತ್ತಾ ಕಪ್ಪಾಗಬೇಕಾದ ತತ್ತಿ ಕಪ್ಪಾಗಲೇ ಇಲ್ಲ. ಜೀವ ಹೋಗುವ ಬಿಸಿಗಿಂತ ಎಷ್ಟೋ ಕಡಿಮೆ ಬಿಸಿಗೇ ಗಂಡಿನ ಬೀಜ ಕೆಟ್ಟುಹೋಗುತ್ತದೆ ಅಂತ ಮೇಡಂ ವಿವರಿಸಿದ್ದರು. ಬಯಲಲ್ಲಿ ಇದು ಉಪಯೋಗಕ್ಕೆ ಬರುವುದಿಲ್ಲ, ಹಾರುವ ಪತಂಗವನ್ನು ಬಿಸಿನೆಲದ ಮೇಲೆ ಹಿಡಿದು ಕೂರಿಸುವವರು ಯಾರು ಅಂತಲೂ ಅಂದಿದ್ದರು. ಆ ಭರಣಿಯನ್ನು ನಾನು ಎಂದೂ ಸರಿಯಾಗಿ ನೋಡುತ್ತಿರಲಿಲ್ಲ. ಮೇಜು ಒರೆಸುವಾಗಲೂ ಮುಖ ಆಚೆ ತಿರುಗಿಸುತ್ತಿದ್ದೆ.

ಪಡುವಣದಲ್ಲಿ ಸೂರ್ಯ ಮುಳುಗಿದ, ಮೂಡಣದಲ್ಲಿ ಚಂದ್ರ ಎದ್ದ. ಪರದೆಯ ಮೇಲೆ ನೆಲ ಮಿಸುಕಾಡಿತು.

ಮೊದಲು ಅಲ್ಲೊಂದು ಇಲ್ಲೊಂದು ಮಣ್ಣಿನ ಕಣ ಸರಿಯಿತು. ಆಮೇಲೆ ಎಲ್ಲಿ ನೋಡಿದರೂ ಸಣ್ಣ ಸಣ್ಣ ತೂತು. ತೂತಿನಿಂದ ತೇವ ತೇವವಾದ ಜೀವಗಳು ತೆವಳಿ ಬಂದು ತೊಗರಿಯ ಕಾಂಡ ಹಿಡಿದವು. ಮುದುಡಿಕೊಂಡಿದ್ದ ರೆಕ್ಕೆಗಳನ್ನು ನೇತುಬಿಟ್ಟು ಕಾದವು. ರೆಕ್ಕೆಗಳಿಗೆ ರಸ ಇಳಿದು, ಅವು ಅರಳುತ್ತಾ ಹೋದವು. ಲೆಕ್ಕಕ್ಕೆ ಸಿಗದಷ್ಟು, ಎಲ್ಲ ಒಂದೇ ಹೊತ್ತಿಗೆ. ಯಾರೂ ಕರೆದಿರಲಿಲ್ಲ, ಒಂದರ ಮಾತು ಇನ್ನೊಂದಕ್ಕೆ ಕೇಳುವುದಿಲ್ಲ, ಕತ್ತಲ ಮಣ್ಣಿನಲ್ಲಿ ಒಂದೊಂದೂ ಬೇರೆ ಬೇರೆ ಕೂತು ಮಾಡಿದ ಲೆಕ್ಕ. ಅಷ್ಟೂ ಲೆಕ್ಕ ಒಂದೇ ಸಂಜೆಗೆ ಬಂದು ಕೂಡಿತ್ತು. ಇಷ್ಟು ವರ್ಷ ನೋಡಿದ್ದೇನೆ, ಪ್ರತಿ ಸಲವೂ ನನ್ನ ಕಣ್ಣಲ್ಲಿ ನೀರು ಬರುತ್ತದೆ. ಇವು ನನ್ನ ಗಂಡನ ವೈರಿಗಳು ಅಂತ ಗೊತ್ತಿದ್ದೂ ಕೈ ತಾನಾಗಿ ಮುಗಿಯುತ್ತದೆ. ಮೇಡಂ ಕೂಡ ಹೋಳಿಗೆ ಮುರಿದ ಕೈ ಹಾಗೇ ಹಿಡಿದುಕೊಂಡು ಪರದೆ ನೋಡುತ್ತಿದ್ದರು.

ಆಗ ಫೋನು ಬಂತು. ನಮ್ಮನಿಯವರು ಇನ್ನೂ ಹೊಲದಲ್ಲೇ ಇದ್ದರು.

“ಕಸ್ತೂರಿ, ಇವು ಹಾರಿ ಹೋಗವಲ್ಲವು,” ಅಂದರು. “ನೆಲಕ್ಕ ಕುಂತಾವ. ಏನೋ ಕುಡ್ಯಾಕತ್ತಾವ.”

ಏನು ಕುಡಿಯುತ್ತಿವೆ ಅಂತ ಕೇಳಬೇಕೆನ್ನುವಷ್ಟರಲ್ಲಿ ಮೇಡಂ ಕೈಯಲ್ಲಿದ್ದ ಹೋಳಿಗೆ ನೋಡಿದೆ. ಮೇಡಂ ನನ್ನ ಮುಖ ನೋಡಿದರು, ಆಮೇಲೆ ತಾವೂ ಹೋಳಿಗೆ ನೋಡಿಕೊಂಡರು. ಇಡೀ ಊರು ಬಚ್ಚಲ ಕುಂಡವನ್ನೂ ಬಿಡದೆ ಹೂ ಕಿತ್ತು, ಅದೇ ಕೈಯಿಂದ ಹೊಲಹೊಲಕ್ಕೆ ಬೆಲ್ಲ ಚೆಲ್ಲಿ ಬಂದಿತ್ತು. ವಿಜಯಪುರದಲ್ಲೇ ಹುಟ್ಟಿ ಬೆಳೆದ ಮೇಡಂ, ಚರಗ ಚೆಲ್ಲಿದ ನಾನು, ಇಬ್ಬರಿಗೂ ಹಬ್ಬ ಒಂದು ಕಡೆ, ಪತಂಗ ಇನ್ನೊಂದು ಕಡೆ ಅಂತಲೇ ಇತ್ತು.

ಯಂತ್ರಕ್ಕೆ ಹೊಸ ಲೆಕ್ಕ ಕೊಟ್ಟೆವು. ಉಂಡ ಹೆಣ್ಣುಗಳು ಇಡುವ ತತ್ತಿಯ ಗೆರೆ ಪರದೆಯ ನೆತ್ತಿ ದಾಟಿ ಹೋಯಿತು. ಪ್ರಯೋಗಕ್ಕೆ ಪರವಾನಗಿ ಕೊಟ್ಟ ಡೋಣಿ ಕಣಿವೆ ಮಂಡಳಿಯ ನಿಯಮ ಸ್ಪಷ್ಟವಿತ್ತು: ಗಿಡದ ಮೇಲೆ ಜೀವಂತ ತತ್ತಿ ಮಿತಿ ಮೀರಿದರೆ ನೆಲಬಳ್ಳಿಯ ಪ್ರಯೋಗ ಬಂದ್, ಡ್ರೋನುಗಳು ಬಂದು ಎಣ್ಣೆ ಹೊಡೆಯುತ್ತವೆ. ಒಂದು ಸಲ ಅಲ್ಲ, ಆ ಹಂಗಾಮು ಪೂರ್ತಿ, ಆಮೇಲಿನ ವರ್ಷಗಳೂ. ನನ್ನ ಕಣ್ಣ ಮುಂದೆ ಸೊಲ್ಲಾಪುರದ ಆ ಮಹಡಿ ಕೋಣೆ ಬಂತು. ಈ ಸಲ ಹೋದರೆ ವಾಪಸ್ಸು ಬರುವ ಹಾಗಿರಲಿಲ್ಲ. ಊರು ಬಿಟ್ಟರೆ ಆ ಮನುಷ್ಯ ಎಣ್ಣೆಯಿಂದ ಅಲ್ಲದಿದ್ದರೂ ಕೊರಗಿ ಸಾಯುತ್ತಾರೆ, ನನಗೆ ಗೊತ್ತು.

ಮೇಡಂ ತಲೆ ಹಿಡಿದುಕೊಂಡು ಕೂತಿದ್ದರು. ನನ್ನ ಕಣ್ಣು ಎಂದೂ ನೋಡದ ಆ ಭರಣಿಯ ಮೇಲೆ ಬಿತ್ತು.

“ಮೇಡಂ, ಅವು ನೆಲಕ್ಕ ಕುಂತಾವಲ್ಲ,” ಅಂದೆ. “ಹಿಡಿದು ಕೂರ್ಸವ್ರು ಯಾರು ಅಂದಿದ್ರಲ್ಲ ನೀವು.”

ಅವರು ತಲೆಯೆತ್ತಿ ನನ್ನನ್ನು ನೋಡಿದ ರೀತಿ ನಾನು ಸಾಯುವವರೆಗೆ ಮರೆಯುವುದಿಲ್ಲ. ಆಮೇಲೆ ಅವರ ಬೆರಳು ಓಡಿದವು. ಪತಂಗ ಸಾಯದಷ್ಟು, ಬೀಜ ಉಳಿಯದಷ್ಟು, ಆ ಎರಡರ ನಡುವೆ ಒಂದು ಸಣ್ಣ ಸಂದು. ನೆಲಬಳ್ಳಿಯನ್ನು ತುದಿಯವರೆಗೆ ಏರಿಸಿದರೆ ನೆಲಕ್ಕಂಟಿದ ಗಾಳಿ ಆ ಸಂದಿಗೆ ಬರುತ್ತದೆ. ಆದರೆ ಬೆಲ್ಲದ ನೀರು ಆರಿದರೆ ಪತಂಗ ಮೇಲೇಳುತ್ತವೆ, ಆಮೇಲೆ ನಮ್ಮ ಕೈಗೆ ಸಿಗುವುದಿಲ್ಲ. ಅವುಗಳನ್ನು ನೆಲದ ಮೇಲೆ ಉಣಿಸುತ್ತಲೇ ಇರಬೇಕು. ಇನ್ನೊಂದು ನಷ್ಟವೂ ಇತ್ತು. ಅಷ್ಟು ಬಿಸಿಗೆ ಮೇಲ್ಮಣ್ಣಿನ ಹಸಿ ಹಾರಿಹೋಗುತ್ತದೆ, ಹಿಂಗಾರಿ ಜೋಳ ಬಿತ್ತುವುದಕ್ಕೆ ಆಗುವುದಿಲ್ಲ. ಊರು ಒಪ್ಪದೆ ಗುಂಡಿ ಒತ್ತುವುದಿಲ್ಲ ಅಂದರು ಮೇಡಂ.

ಸ್ಕೂಟಿ ಹತ್ತಿ ಊರಿಗೆ ಹಾರಿದೆ. ಹಬ್ಬದೂಟ ಉಂಡ ಜನ ಇನ್ನೂ ಹೊಲಗಳಲ್ಲೇ ಬೆಳದಿಂಗಳಲ್ಲಿ ಹರಟುತ್ತಾ ಕೂತಿದ್ದರು. ಎಲ್ಲರನ್ನೂ ಕೂಗಿ ಕರೆದು, ನಮ್ಮ ಹೊಲದ ಬದುವಿನ ಮೇಲೆ ನಿಂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ತಪ್ಪು ಎಲ್ಲರದೂ, ಬೈಯುವುದಾದರೆ ನಾಳೆ ಬೈಯಿರಿ ಅಂದೆ. ಜೋಳದ ಮಾತು ಬಂದಾಗ ಗದ್ದಲವಾಯಿತು. ವರ್ಷದ ರೊಟ್ಟಿಯ ಪ್ರಶ್ನೆ, ಆಗದೇ ಇರುತ್ತದೆಯೇ? ಎಣ್ಣೆ ಹೊಡೆಸಿದರಾಯಿತು, ಒಬ್ಬರ ಸಲುವಾಗಿ ಊರೆಲ್ಲ ಹಸಿಯಬೇಕೇನು ಅಂತ ಹಿಂದಿನಿಂದ ಯಾರೋ ಅಂದರು. ನನಗೆ ಸಿಟ್ಟು ಬಂತು. ಆದರೆ ಆ ಮಾತಿನಲ್ಲಿ ಸುಳ್ಳೇನಿತ್ತು?

ಅತ್ತೆ ಸೊಂಟಕ್ಕೆ ಕೈಕೊಟ್ಟು ಎದ್ದರು. ಅವರು ಜೋರಾಗಿ ಮಾತಾಡುವವರಲ್ಲ.

“ನೆಲ ಒಣಗಿದ್ರ ಮುಂದ ಮಳಿ ಬರ್ತೈತಿ,” ಅಂದರು. “ನಿಮ್ಮೆಲ್ಲರ ಹೊಲಕ್ಕೂ ಎಣ್ಣಿ ಹೊಡದಾಂವ ನನ್ನ ಮಗ. ಅವನ ಉಸುರು ಯಾವ ಮಳಿಗೆ ಬರ್ತೈತಿ, ನೀವ ಹೇಳ್ರಿ.”

ನಿಂಬೆವ್ವ ಮೊದಲು ಎದ್ದು ಬೆಲ್ಲ ತರುವುದಕ್ಕೆ ಮನೆ ಕಡೆ ನಡೆದಳು. ಅವಳ ಹಿಂದೆ ಒಬ್ಬೊಬ್ಬರೇ ಎದ್ದರು. ನಾನು ಮೇಡಂಗೆ ಫೋನು ಮಾಡಿದೆ.

ಮನೆಮನೆಯ ಬೆಲ್ಲದ ಪೆಂಟೆಗಳು ಕೊಡಪಾನಗಳಲ್ಲಿ ಕರಗಿದವು. ಎಲ್ಲ ಹೊಲಕ್ಕೂ ಸಮನಾಗಿ ಚಿಮುಕಿಸುವುದು ಟೊಂಗೆಯಿಂದ ಆಗುವ ಕೆಲಸವಲ್ಲ ಅಂತ ಯೋಚಿಸುತ್ತಿದ್ದಾಗ ನಮ್ಮನಿಯವರು ಕೊಟ್ಟಿಗೆಯಿಂದ ತಮ್ಮ ಹಳೇ ಪಂಪು ತಂದರು. ಎಷ್ಟೋ ವರ್ಷದಿಂದ ಅದು ಎಮ್ಮೆಯ ಮೈ ತೊಳೆಯುವುದಕ್ಕೆ ಮಾತ್ರ ಬಳಕೆಯಲ್ಲಿತ್ತು. ನಾನು ಕಸಿದುಕೊಳ್ಳಲು ಹೋದೆ, ಕೊಡಲಿಲ್ಲ. ಅದರಲ್ಲಿ ಬೆಲ್ಲದ ನೀರು ತುಂಬಿಸಿ ಬೆನ್ನಿಗೆ ಕಟ್ಟಿಕೊಂಡರು. ಅವರನ್ನು ನೋಡಿ ಬೇರೆಯವರೂ ತಮ್ಮ ತಮ್ಮ ಪಂಪು ಹುಡುಕಿ ತಂದು ತಿಕ್ಕಿ ತಿಕ್ಕಿ ತೊಳೆದರು.

ಆಮೇಲೆ ನಡೆದದ್ದನ್ನು ಹೇಗೆ ಹೇಳಲಿ? ಅಂಗಾಲಿನ ಕೆಳಗೆ ನೆಲ ಬಿಸಿಯಾಗುತ್ತಾ ಬಂತು, ಮೊದಲು ಎಳೆಬಿಸಿಲಿನ ಹಾಗೆ, ಆಮೇಲೆ ಒಲೆಯ ಮುಂದಿನ ಕಟ್ಟೆಯ ಹಾಗೆ. ಮಣ್ಣಿನಿಂದ ಹಸಿಯ ಆವಿ ಎದ್ದು ಮೊಣಕಾಲಿನವರೆಗೆ ಬೆಳದಿಂಗಳಲ್ಲಿ ಬೆಳ್ಳಗೆ ತೂಗಾಡಿತು. ಆ ಬಿಳುಪಿನ ಕೆಳಗೆ ಹೊಲವಿಡೀ ಪತಂಗ, ರೆಕ್ಕೆ ಮಡಚಿ, ಸುರುಳಿ ನಾಲಗೆ ಚಾಚಿ ಕುಡಿಯುತ್ತಿದ್ದವು. ಕಾಲಿಟ್ಟ ಕಡೆ ಸರಿದು ದಾರಿ ಕೊಟ್ಟು ಮತ್ತೆ ಕೂರುತ್ತಿದ್ದವು. ಲಕ್ಷಗಟ್ಟಲೆ ಕಣ್ಣು ಚಂದ್ರನ ಬೆಳಕಿಗೆ ಕೆಂಡದ ಕಿಡಿಯ ಹಾಗೆ ಹೊಳೆಯುತ್ತಿದ್ದವು. ಮಾತಿಲ್ಲದೆ ಚೆಲ್ಲುವುದು ಅತ್ತೆಗೆ ಸರಿಬರಲಿಲ್ಲವೋ ಏನೋ, ಚರಗದ ಕೂಗು ಹಾಕಿಯೇಬಿಟ್ಟರು. ಪಕ್ಕದ ಹೊಲದಿಂದ ಓಗೊಟ್ಟರು, ಅದರಾಚೆಯಿಂದ ಇನ್ನೊಬ್ಬರು. ಮಧ್ಯಾಹ್ನ ಭೂಮಿಗೆ ಉಣಿಸಿದ ಅದೇ ಕೂಗಿನಿಂದ ಊರು ಈಗ ತನ್ನ ಬೆಳೆ ತಿನ್ನುವ ಹುಳಕ್ಕೆ ಉಣಿಸುತ್ತಿತ್ತು. ನಮ್ಮನಿಯವರು ಸಾಲಿನಿಂದ ಸಾಲಿಗೆ, ಹಿಂದೆ ಎಣ್ಣೆ ಹೊಡೆಯುತ್ತಿದ್ದ ಅದೇ ನಡಿಗೆಯಲ್ಲಿ, ಸಿಹಿ ಹೊಡೆಯುತ್ತಾ ಹೋದರು. ಉಸಿರು ಸಾಲದಾದಾಗ ನಿಂತರು, ಮತ್ತೆ ನಡೆದರು. ನನಗೆ ಹೆದರಿಕೆಯೂ ಆಯಿತು, ಹಿಂದೆಂದೂ ಬಾರದಷ್ಟು ಪ್ರೀತಿಯೂ ಬಂತು.

ಮೇಡಂ ಸಾಕು ಅಂದಾಗ ಊರಲ್ಲಿ ಬೆಲ್ಲದ ಚೂರೂ ಉಳಿದಿರಲಿಲ್ಲ. ಬಿಸಿ ಇಳಿಯಿತು. ಪತಂಗಗಳು ಒಂದೇ ಸಲಕ್ಕೆ ಎದ್ದು ಊರಿನ ಮೇಲೆ ಹರಡಿಕೊಂಡವು. ಒಂದೂ ಸತ್ತಿರಲಿಲ್ಲ.

ಮರುದಿನದಿಂದ ತತ್ತಿಗಳು ಕಂಡವು. ಎಲೆ ಎಲೆಗೂ, ಚಿಗುರು ಚಿಗುರಿಗೂ, ಸಾಬುದಾಣಿಗಿಂತ ಸಣ್ಣವು, ಬಿಳೀ. ಅಷ್ಟು ತತ್ತಿಯನ್ನು ಊರು ಎಂದೂ ನೋಡಿರಲಿಲ್ಲ. ಮಂಡಳಿಯವರು ಡ್ರೋನುಗಳನ್ನು ತಂದು ಕಣದಲ್ಲಿ ಸಾಲಾಗಿ ನಿಲ್ಲಿಸಿದರು. ಮೇಡಂ ಮಂಡಳಿಯವರ ಕೈಕಾಲು ಹಿಡಿಯುವುದೊಂದು ಬಾಕಿ, ತತ್ತಿ ಬಣ್ಣ ತಿರುಗುವವರೆಗೆ ಕಾಯಿರಿ ಅಂತ ಗಡುವು ಪಡೆದರು. ನಾನು ಚೀಲದಲ್ಲಿ ನಮ್ಮನಿಯವರ ಬಟ್ಟೆ, ಗುಳಿಗೆ ತುಂಬಿಟ್ಟೆ. ಅವರು ಅದನ್ನು ನೋಡಿಯೂ ನೋಡದವರ ಹಾಗೆ ಎಮ್ಮೆಗೆ ಮೇವು ಹಾಕಲು ಹೋದರು.

ಬೆಳಿಗ್ಗೆ ಎದ್ದರೆ ಹೊಲಕ್ಕೆ, ಸಂಜೆಯಾದರೆ ಹೊಲಕ್ಕೆ. ಕೈಯಲ್ಲಿ ಭೂತಗನ್ನಡಿ. ಬಿಳೀ. ಮತ್ತೆ ನೋಡಿದರೂ ಬಿಳೀ. ಮರಿ ಒಡೆಯಬೇಕಾದ ಹೊತ್ತು ಮೀರಿತು. ತತ್ತಿಗಳು ಗುಳಿಬಿದ್ದು, ಒಣಗಿ, ಗಾಳಿಗೆ ಉದುರತೊಡಗಿದವು. ಮಂಡಳಿಯ ಸಾಹೇಬರು ತಮ್ಮ ಕೈಯಾರೆ ಎಲೆ ತಿರುವಿ ತಿರುವಿ ನೋಡಿ, ಡ್ರೋನುಗಳನ್ನು ಗಾಡಿಗೆ ಹೇರಿಸಿದರು. ಮೇಡಂ ನನ್ನನ್ನು ತಬ್ಬಿಕೊಂಡರು, ಊರು ಕುಣಿಯಿತು. ನಾನೂ ಕುಣಿದೆ, ಆಮೇಲೆ ತೊಗರಿಯ ಮರೆಗೆ ಹೋಗಿ ಅತ್ತುಬಿಟ್ಟೆ. ಸಂತೋಷಕ್ಕೆ ಅತ್ತದ್ದು ಹೌದು. ಆ ಬಿಳೀ ತತ್ತಿಗಳನ್ನು ಅಷ್ಟು ಜತನದಿಂದ ಚಿಗುರಿನ ತುದಿಗೇ ಹುಡುಕಿ ಹುಡುಕಿ ಇಟ್ಟ ತಾಯಂದಿರನ್ನು ನೆನೆದೂ ಅತ್ತಿದ್ದೆ. ಅವಕ್ಕೆ ಏನೂ ಗೊತ್ತೇ ಇರಲಿಲ್ಲ.

ಸಂಜೆ ನಮ್ಮನಿಯವರು ಬಾ ಅಂತ ಕೈಸನ್ನೆ ಮಾಡಿ ಹೊಲದ ಮೂಲೆಗೆ ಕರೆದೊಯ್ದರು. ಚರಗದ ಐದು ಕಲ್ಲು ಇಟ್ಟ ಬನ್ನಿ ಗಿಡದ ಬುಡ ಅದು. ಬೇರು ಅಗೆಯಬಾರದು ಅಂತ ಅತ್ತೆ ಹಟ ಹಿಡಿದದ್ದಕ್ಕೆ ಅಲ್ಲಿ ನೆಲಬಳ್ಳಿ ಹಾಸಿರಲಿಲ್ಲ, ಆ ರಾತ್ರಿ ಅಲ್ಲಿ ಕೂತು ಉಂಡವಕ್ಕೆ ಬಿಸಿ ತಾಕಿರಲಿಲ್ಲ. ಕಲ್ಲಿನ ಪಕ್ಕದ ಒಂದು ತೊಗರಿ ಗಿಡ ತೋರಿಸಿದರು. ಅದರ ಮೇಲಿನ ತತ್ತಿಗಳು ಕಪ್ಪಾಗಿದ್ದವು. ಒಂದೆರಡು ಒಡೆದಿದ್ದವು. ದಾರದ ತುಂಡಿನಂಥ ಮರಿಗಳು ಮೊದಲು ತಮ್ಮ ತತ್ತಿಯ ಸಿಪ್ಪೆಯನ್ನೇ ತಿನ್ನುತ್ತಿದ್ದವು. ನಾನು ಹಿಂದೆಮುಂದೆ ನೋಡದೆ ಎಲೆ ಹೊಸಕಲು ಕೈ ಚಾಚಿದೆ. ಅವರು ನನ್ನ ಮಣಿಕಟ್ಟು ಹಿಡಿದರು.

“ಇರ್ಲಿ ಬಿಡು,” ಅಂದರು. “ಒಂದ ಗಿಡ ಐತಿ. ಊಟಕ್ಕ ಕರದವ್ರು ನಾವ ಅಲ್ಲೇನು?”

ಕೈ ಹಿಂದಕ್ಕೆ ತೆಗೆದುಕೊಂಡೆ. ಅವರು ಆ ಗಿಡದ ಮುಂದೆ ಚಕ್ಕಳಮಕ್ಕಳ ಹಾಕಿ ಕೂತರು. ನಾನೂ ಪಕ್ಕದಲ್ಲಿ ಕೂತೆ. ಹೊತ್ತು ಮುಳುಗುವವರೆಗೆ ಇಬ್ಬರೂ ಮರಿಗಳನ್ನೇ ನೋಡಿದೆವು. ಅಷ್ಟು ಹೊತ್ತಿನಲ್ಲಿ ಅವರು ಒಂದು ಸಲವೂ ಕೆಮ್ಮಲಿಲ್ಲ.